ಜೂನ್ ಒಂದು

ಕೊಲ್ವಾ ದಂಡೆ. ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೇನೆ,
ಐವತ್ತೊಂಬತ್ತಕ್ಕೆ ಮೊದಲ ಸಲ ಸಮುದ್ರದೆದುರು,
ನನ್ನ ಮೇಜಿನೆದುರು ಅರ್ಜಿದಾರರು ನಿಲ್ಲುತ್ತಿದ್ದ ಹಾಗೆ.

ಮೂವತ್ತೊಂದು ವರ್ಷ ಗದಗಿನಲ್ಲಿ
ಹುಟ್ಟು-ಸಾವಿನ ರಜಿಸ್ಟರು ಬರೆದವಳು ನಾನು.
ಎಡಗಡೆ ಕಪಾಟು ಹುಟ್ಟಿದವರದು, ಬಲಗಡೆ ಸತ್ತವರದು,
ನಡುವೆ ಕುರ್ಚಿ, ಸೀಲು, ಚಹಾದ ಕಲೆ.

"ತಗೋರಿ ಅಕ್ಕಾ, ಕವಡಿ ಮಾಲಿ."
ಇಷ್ಟು ನೀರಿನ ಸದ್ದಿನಲ್ಲಿ ನನ್ನ ಮಾತು!
ಹೆಸರು ಸೋಮ್ಲಿಬಾಯಿ. ಮುಂಡರಗಿ ಕಡೆ ತಾಂಡಾ.
ನನ್ನೂರಿನಿಂದ ಒಂದೇ ಬಸ್ಸು.

ಹೇಗೋ ವಯಸ್ಸಿನ ಮಾತು ಬಂತು, ನನ್ನ ಕಸುಬೇ ಅದು.
"ಜೂನ್ ಒಂದ್ರಿ. ಎಂಟು ದಿನ ಸಾಲಿಗೆ ಹೋಗಿದ್ನಿ,
ಅಷ್ಟರಾಗ ಮಾಸ್ತರು ಕೊಟ್ಟ ದಿನ.
ನನ್ನ ಗಂಡಂದೂ ಜೂನ್ ಒಂದು, ಮೈದುನಂದೂ.
ಇಡೀ ತಾಂಡಾ ಒಂದಽ ದಿನ ಹುಟ್ಟೇತಿ,
ಸೂಲಗಿತ್ತಿಗೆ ಪುರಸೊತ್ತು ಎಲ್ಲಿತ್ತೋ ಏನೋ!"
ನಕ್ಕಳು. ನಾನೂ ನಕ್ಕೆ, ತುಸು ತಡವಾಗಿ.

"ಖರೇ ಹೇಳಬೇಕಂದ್ರ ರೋಡ್ ಗುಂಟ ಹುಟ್ಟಿದಾಕಿ.
ಡಾಂಬರ ಡ್ರಮ್ಮಿನ ನೆಳ್ಳಾಗ, ಅವ್ವ ಖಡಿ ಹಾಕೂವಾಗ."
ಯಾವ ರೋಡು?
"ಅದಽ ರೋಡು ಅಕ್ಕಾ, ನೀವು ಬಸ್ಸಿನ್ಯಾಗ ಬಂದ್ರಲ್ಲ."

ನನ್ನಪ್ಪ ಅರಳೆ ಅಂಗಡಿಯ ಗುಮಾಸ್ತ.
ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದ:
'ಸೋಮವಾರ. ಬೆಳಿಗ್ಗೆ ಆರು ಹೊಡೆದು ಹನ್ನೆರಡು ನಿಮಿಷ.
ಹೆಣ್ಣು. ತಾಯಿ ಕ್ಷೇಮ. ಪೇಡೆ: ಎರಡೂವರೆ ರೂಪಾಯಿ.'
ಜಿಪುಣ, ಮಗಳ ಹುಟ್ಟಿಗೂ ಲೆಕ್ಕ ಇಟ್ಟ ಅಂತ
ಎಷ್ಟು ವರ್ಷ ಆಡಿಕೊಂಡು ನಕ್ಕಿದ್ದೇನೆ.

ಆ ಹಾಳೆಯಿಂದ ಶಾಲೆ, ಶಾಲೆಯಿಂದ ನೌಕರಿ,
ನೌಕರಿಯಿಂದ ಪಿಂಚಣಿ, ಪಿಂಚಣಿಯಿಂದ ಈ ಸಮುದ್ರ.
ಬೆವರು ಹರಿಸಿ ಪಡೆದೆ ಅಂದುಕೊಂಡಿದ್ದೆಲ್ಲದರ ತಳದಲ್ಲಿ
ನಾನು ಕೈಯಾಡಿಸದ ಒಂದು ಬೆಳಗು,
ಯಾರೋ ಶಾಯಿ ಅದ್ದಿದ ಒಂದು ಟಾಕು.

'ದೇವರು ದೊಡ್ಡವನು' ಅನ್ನಲು ಬಾಯಿ ತೆರೆದೆ.
ಯಾರೆದುರು ನಿಂತಿದ್ದೇನೆ ಅಂತ ನೆನಪಾಗಿ ಮುಚ್ಚಿದೆ.

ಇಂಥದೇ ಕನ್ನಡಿ ಲಂಗ ಉಟ್ಟವಳೊಬ್ಬಳು
ಮೂರು ಸಲ ಬಂದಿದ್ದಳು, ಮಗನ ದಾಖಲೆಗೆ.
ಮೂರೂ ಸಲ ಅಂದಿದ್ದೆ: ಅಫಿಡವಿಟ್ ತಗೊಂಡು ಬಾ.
ನಾಲ್ಕನೇ ಸಲ ಬರಲಿಲ್ಲ.
ಊಟದ ಹೊತ್ತಾಗಿತ್ತು ಅನ್ನುವುದಷ್ಟೇ ಈಗ ನೆನಪು.

ಸೋಮ್ಲಿ ಬೇರೆಯೇ ಯೋಚನೆಯಲ್ಲಿದ್ದಳು.
"ಇಷ್ಟು ವಯಸ್ಸಿಗೆ ಈಗ ಕಾಲು ತೋಯಿಸಾಕ್ಹತ್ತೀರಿ? ಪಾಪ.
ನನ್ನ ಮಕ್ಕಳು ನಡಿಯೂಕ ಮೊದಲಽ ಇದರಾಗ ಬಿದ್ದು ಎದ್ದಾವ.
ಮಡಗಾಂವ ದವಾಖಾನ್ಯಾಗ ಹುಟ್ಯಾವ, ಚೀಟಿ ಅದಾವ."
'ಚೀಟಿ' ಅನ್ನುವಾಗ ಕುಪ್ಪಸದ ಮೇಲೆ ಕೈ ಇಟ್ಟುಕೊಂಡಳು.

ಮಾಲೆಗೆ ನೂರೈವತ್ತು ಅಂದಳು.
ಸುಮ್ಮನೆ ಪರ್ಸು ತೆರೆದೆ.
ಅವಳ ಮೋರೆ ಗಂಟಾಯಿತು:
"ಯಾಕ್ರೀ ಅಕ್ಕಾ, ಕಡಿಮಿ ಮಾಡಂತ ಕೇಳೂದಿಲ್ಲೇನು?"

ಕಾಲಡಿಯ ಮರಳನ್ನು ಅಲೆ ಎಳೆದುಕೊಂಡು ಹೋಯಿತು.
ತೂಕ ತಪ್ಪಿ ಅವಳ ಭುಜ ಹಿಡಿದೆ.
"ಎಂಬತ್ತು," ಅಂದೆ.
"ಹೋಗ್ರೀ," ಅಂದಳು, ಹಿಗ್ಗಿ. "ನೂರಾ ಇಪ್ಪತ್ತು."