ಇತರೆ

ಫಾರಮ್ಮಿನಲ್ಲಿ ಮೂರೇ ಚೌಕ:
ಭಯ. ಧರ್ಮ. ಇತರೆ.
ಒಲ್ಲೆ ಅಂದವರ ಹೆಸರಿನೆದುರು ಒಂದಕ್ಕೆ ಗುರುತು ಹಾಕಿ
ಸಂಜೆ ಐದರೊಳಗೆ ವಾಸ್ಲುಯಿ ಕಚೇರಿಗೆ ಮುಟ್ಟಿಸಬೇಕು.

ನಾನು ದೊಮ್ನಿಕಾ, ಈ ಊರಿನ ನರ್ಸು.
ಇಲ್ಲಿನ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಇದು.
ಹಿಂದಿನ ಸೀಟಿನಲ್ಲಿ ತಂಪುಪೆಟ್ಟಿಗೆ
ಬೆಲ್ಟು ಬಿಗಿದುಕೊಂಡು ಕೂತಿದೆ, ಮುನಿದ ನೆಂಟನ ಹಾಗೆ.
ಒಂದು ಸೀಸೆ ಕಲಸಿದೆನೋ, ಆರು ತೋಳು ಬೇಕು
ಆರು ತಾಸಿನೊಳಗೆ.

ಗಾವ್ರಿಲನ ಗೇಟಿಗೆ ಮೊದಲು ನಾಯಿ ಬಂತು, ಆಮೇಲೆ ಅವನು.
"ಹೀಗೇ ಒಬ್ಬಳು ಬಂದಿದ್ದಳು, ಕಾಗದ ಹಿಡಿದು, ನಗುನಗುತ್ತ.
ಊರೆಲ್ಲ ಕೂಡಿ ಉಳೋಣ, ನಿಮ್ಮ ಒಳ್ಳೆಯದಕ್ಕೇ ಅಂದಳು.
ಅಪ್ಪ ಸಹಿ ಹಾಕಿದ. ಮಾರನೆಯ ದಿನ
ಕೊಟ್ಟಿಗೆಯಲ್ಲಿ ಲದ್ದಿ ಮಾತ್ರ ಇತ್ತು."
ಕುದುರೆಗಳ ಹೆಸರನ್ನೂ ಹೇಳಿದ: ಮುರ್ಗು, ಸುರು.
ಅರವತ್ತು ವರ್ಷದ ಹಿಂದಿನ ಎರಡು ಕುದುರೆಗಳನ್ನು
ಯಾವ ಚೌಕದಲ್ಲಿ ಕಟ್ಟಲಿ?
ಇತರೆ.

ಇಲಿಂಕಾ ಬೇಡ ಅಂದಳಂತೆ. ಅಷ್ಟು ಸಾಕಾಯಿತು ಅಗ್ಲಾಯಾಗೆ:
"ಹಾಗಾದರೆ ನನಗೆ ಹಾಕು! ಎರಡು ಸಲ ಹಾಕು!"
ಬೇಲಿಯಾಚೆ ಕೇಳುವಷ್ಟು ಜೋರಾಗಿ.

ವೇತಾ ಇಟಲಿಯಿಂದ ಬಂದು ತಿಂಗಳಾಯಿತು.
ಅಲ್ಲಿ ಹನ್ನೊಂದು ಮುದುಕರಿಗೆ ಮೈ ತೊಳೆಸುತ್ತಿದ್ದಳು,
ಕೊನೆಕೊನೆಗೆ ನಾಲ್ವರಿಗೆ.
ಏನೂ ಕೇಳಲಿಲ್ಲ. ತೋಳು ಚಾಚಿ
ಅಕ್ರೋಟು ಮರವನ್ನೇ ನೋಡುತ್ತ ನಿಂತಳು.
ಹೂಂ ಅಂದವರಿಗೆ ಕಾರಣದ ಚೌಕವಿಲ್ಲ.

ಪ್ರೊಫಿರಾಳದು ಜಗಳವೇನಿಲ್ಲ. ಹಾಕಿಸಿಕೊಳ್ಳುತ್ತೇನೆ, ಇವತ್ತು ಬೇಡ, ಅಂದಳು.
ಜುಲೈ ಬಿಸಿಲಲ್ಲಿ ಮಣಿಕಟ್ಟಿನತನಕ ತೋಳಿನ ಅಂಗಿ.
ಹಿಂದೆ ಬಾಗಿಲಲ್ಲಿ ಗಂಡ.
ಅಂಚಿನಲ್ಲಿ ಇಣುಕಿದ ನೀಲಿಯನ್ನು ನಾನು ನೋಡಿದೆ,
ನಾನು ನೋಡಿದ್ದನ್ನು ಅವಳು ನೋಡಿದಳು.
ಗುರುವಾರ ಬಾ, ರಕ್ತದೊತ್ತಡ ನೋಡಬೇಕು, ಅಂದೆ, ಗಟ್ಟಿಯಾಗಿ.
ಅವಳ ಹೆಸರಿನೆದುರು ಏನೂ ಬರೆಯಲಿಲ್ಲ.

ಟೋಡೆರ್ ಫೋನು ತೆಗೆದ. ಯಾರದೋ ತೋಳು,
ತೋಳಿಗೆ ಅಂಟಿದ ಚಮಚ. "ನೋಡು, ಅಯಸ್ಕಾಂತ!"
ಅವನ ಕಣ್ಣು ಚಮಚದ ಮೇಲಿರಲಿಲ್ಲ.
ನವೆಂಬರಿನಲ್ಲಿ ಹೆಂಡತಿ ನಡೆದೇ ಆಂಬುಲೆನ್ಸ್ ಹತ್ತಿದ್ದಳು.
ಬಂದದ್ದು ಸೀಲು ಮಾಡಿದ ಚೀಲ.
ತೊಳೆಯಲು ಬಿಡಲಿಲ್ಲ, ಮುಖ ನೋಡಲು ಬಿಡಲಿಲ್ಲ,
ಮಣ್ಣಿಗೆ ಉಟ್ಟುಕೊಂಡು ಹೋಗುತ್ತೇನೆಂದು
ಅವಳೇ ಹೊಲಿದಿಟ್ಟ ಕುಪ್ಪಸ ಪೆಟ್ಟಿಗೆಯಲ್ಲೇ ಉಳಿಯಿತು.
ಅಯಸ್ಕಾಂತ ಅನ್ನುವುದು ಸುಲಭ.
ಅದನ್ನು ಹೇಳುವಾಗ ಗಂಟಲು ಕಟ್ಟುವುದಿಲ್ಲ.

ನಿಜ ಹೇಳಬೇಕೆಂದರೆ, ಜನವರಿಯಲ್ಲಿ ನನ್ನ ಸರದಿ ಬಂದಾಗ
ಮೂವರನ್ನು ಮುಂದೆ ಬಿಟ್ಟೆ. ಬೂಟಿನ ಲೇಸು ಕಟ್ಟಿದೆ, ಬಿಚ್ಚಿದೆ, ಕಟ್ಟಿದೆ.
ಕರಪತ್ರ ಓದಿದ್ದೆ, ಊರಿಗೆಲ್ಲ ಹಂಚಿದ್ದೆ.
ಕೊನೆಗೆ ಕೂರಿಸಿದ್ದು ಆ ಹುಡುಗ ಡಾಕ್ಟರು.
ಸೂಜಿ ಹಿಡಿದ ಅವನ ಬೆರಳು ನಡುಗುತ್ತಿತ್ತು.
"ನಿನ್ನೆ ನನಗೂ ಹೆದರಿಕೆಯಾಗಿತ್ತು" ಅಂದ.
ಅಷ್ಟೇ. ತೋಳು ಮಡಚಿದೆ.

ಸೀಸೆಯಲ್ಲಿ ಇನ್ನೊಂದೇ ಡೋಸು, ಮುಕ್ಕಾಲು ತಾಸು.
ಟೋಡೆರ್ ಮನೆಗೇ ತಿರುಗಿ ಹೋದೆ.
ಚಮಚದ ಮಾತೆತ್ತಲಿಲ್ಲ. ಕುಪ್ಪಸ ತೋರಿಸ್ತೀಯಾ, ಅಂದೆ.
ಬಹಳ ಹೊತ್ತು ನನ್ನನ್ನೇ ನೋಡಿದ. ಪೆಟ್ಟಿಗೆ ಎಳೆದ.
ತೋಳಿನುದ್ದಕ್ಕೂ ಕೆಂಪು ಕಸೂತಿ,
ಎಡದ ಕೈಯಲ್ಲಿ ಒಂದು ಎಲೆ ಅರ್ಧಕ್ಕೆ ನಿಂತಿತ್ತು.
ದಾರ ಮುಗಿದಿತ್ತು ಅಂದ. ತರುತ್ತೇನೆ ಅಂತ ಮರೆತಿದ್ದೆ ಅಂದ.
ಪ್ಲಮ್ ಸಾರಾಯಿ ಸುರಿದ. ನೆಲಕ್ಕೆ ಒಂದು ಹನಿ ಅವಳಿಗೆ.
ನಾವು ಕೂತೇ ಇದ್ದೆವು.

ಆರನೆಯ ತೋಳು ಸಿಗಲಿಲ್ಲ.
ಬಾಗಿಲತನಕ ಬಂದು, "ಬರುವ ವಾರವೂ ಈ ಕಡೆ ಬರ್ತೀಯಲ್ಲ?" ಅಂದ.
ಯಾತಕ್ಕೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಕಾರಿನಲ್ಲಿ ಕೂತು ಫಾರಮ್ಮು ಮಗುಚಿದೆ. ಬೆನ್ನು ಖಾಲಿಯಿತ್ತು.
ಬರೆದೆ: ಮುರ್ಗು, ಸುರು.
ಬರೆದೆ: ಅರ್ಧ ಎಲೆ, ಕೆಂಪು ದಾರ.

ಐದೂ ಹತ್ತಕ್ಕೆ ವಾಸ್ಲುಯಿಯಿಂದ ಫೋನು:
"ಹಿಂದುಗಡೆ ಏನೋ ಗೀಚಿದ್ದೀರಿ, ಮೇಡಂ.
ನಮ್ಮ ಯಂತ್ರ ಒಂದೇ ಮಗ್ಗುಲು ಓದುತ್ತದೆ."