ಏನೂ ಮಾಡದೆ ಇಟ್ಟ ಕಲ್ಲು

ಇಲ್ಲಿಯ ಒಂದು ತಿಂಗಳೆಂದರೆ ಹೊರಗಿನ ಎಪ್ಪತ್ತು ವರ್ಷ
ಎಂದು ಲೆಕ್ಕ ಹಾಕಿದ್ದಾರೆ ಶಾಹಿದಾ ಮೇಡಂ.
ಶಿವಮೊಗ್ಗದ ಏಪ್ರಿಲ್ ಸೆಕೆ, ಮೂರನೇ ಮಹಡಿ,
ಗಾಜಿನ ಕೊಳವೆಯೊಳಗೆ ಬಿಡದೆ ಹಿಡಿದಿದೆ ಮಳೆ.

ಕೆಳಗೆ ಬುರುಡೆಯಲ್ಲಿ ಕುದಿದ ನೀರು
ಮೇಲೇರಿ, ತಣಿದು, ಹನಿಯಾಗಿ
ಜಂಬಿಟ್ಟಿಗೆಯ ಚೂರುಗಳ ಮೇಲೆ ಬೀಳುತ್ತದೆ.
ತುಂಬಿತೋ, ಸೊರ್ರೆಂದು ಇಳಿದು ಮತ್ತೆ ಮೊದಲಿಂದ.
ಜಿಗಣೆ ಇಲ್ಲದ ಮಳೆ. ಆರಿದ್ರಾ, ಪುಷ್ಯ ಎಂದು
ಹೆಸರು ಹಿಡಿದು ಯಾರೂ ಕರೆಯದ ಮಳೆ.
ಅದು ನಿಲ್ಲದಂತೆ ಕಾಯುವುದು ನನ್ನ ನೌಕರಿ.

ಪಕ್ಕದ ಮೇಜಿನ ಮೇಲೆ ಇನ್ನೂ ಆರು ಕಲ್ಲು.
ಸಂಜೆ ಉಪ್ಪುನೀರಲ್ಲಿ ಮುಳುಗಿಸು,
ಬೆಳಗ್ಗೆ ನೂರಾಹತ್ತು ಡಿಗ್ರಿಯ ಒಲೆಗೆ ಹಾಕು,
ಆರಲಿ, ತೂಗು, ಬರೆ.
ಹೊಕ್ಕ ಉಪ್ಪು ಒಳಗೇ ಹರಳುಗಟ್ಟಿ
ಗೋಡೆಗಳನ್ನು ಒದೆಯುತ್ತದಂತೆ.
ಕಿವಿಯಿಟ್ಟಿದ್ದೇನೆ, ಏನೂ ಕೇಳಿಸಲಿಲ್ಲ.
ತಟ್ಟೆಯಲ್ಲಿ ಮಾತ್ರ ಚಿಟಿಕೆ ಕೆಂಪು ಪುಡಿ.
ನನ್ನ ಬೆರಳಸಂದಿಗಳೂ ಬಿರಿದಿವೆ;
ಅದಕ್ಕೆ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.

ಹದಿನೇಳನೇ ದಿನ ರಾತ್ರಿ ಕರೆಂಟು ಹೋಯಿತು.
ಎರಡು ಗಂಟೆ ನಲವತ್ತು ನಿಮಿಷ.
ಮೇಡಂ ಲೆಕ್ಕದಲ್ಲಿ ಮೂರು ತಿಂಗಳು.
'ಒಂದು ಮಳೆಗಾಲ ಕೈಕೊಟ್ಟಿತು' ಎಂದು ಬರೆದು
ಸಹಿ ಹಾಕಿದೆ: ಭರ್ಮಪ್ಪ, ಅಟೆಂಡರ್.

ಕಲ್ಲು ತಂದಿಳಿಸಿದ ರಿಪ್ಪನ್‌ಪೇಟೆ ಕ್ವಾರಿಯ ಹುಚ್ರಾಯಪ್ಪ
ಒಲೆ, ತಕ್ಕಡಿ, ಬುರುಡೆ ಎಲ್ಲ ಸುತ್ತಿ ನೋಡಿ
ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಅಂದ:
"ನೆಲದೊಳಗಿದ್ದಾಗ ಇದು ಕೊಡಲಿಗೂ ಮೆತ್ತಗೆ ಸಿಗೋ ಕಲ್ಲು.
ಮೇಲೆ ತಂದು ಗಾಳಿಗಿಟ್ರೆ ಗಟ್ಟಿಯಾಗ್ತದೆ.
ನೀವು ಸವೆಯೋದನ್ನೇ ಅಳೀತಾ ಕೂತೀರಿ.
ಗಟ್ಟಿಯಾಗೋದನ್ನ ಅಳಿಯೋ ಮಿಷನ್ನು ಯಾವುದು?"
ನನಗೆ ನಗು ಬಂತು.
ಮೇಡಂ ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು
ಅವನ ಹೆಸರು ಕೇಳಿ ಬರೆದುಕೊಂಡರು.

ಏಳನೆಯದೊಂದಿತ್ತು. ಹೋಲಿಕೆಗೆಂದು
ಏನೂ ಮಾಡದೆ ಇಟ್ಟ ಕಲ್ಲು.
ಹಾಳೆ ಹಾರದಿರಲೆಂದು ನಾನೇ ಯಾವಾಗಲೋ
ಅದನ್ನು ಕಿಟಕಿಯ ದಂಡೆಗೆ ಸರಿಸಿ ಮರೆತೆ.
ಇವತ್ತು, ಜುಲೈ ಒಂಬತ್ತು, ತೂಗಿದರೆ
ಎರಡು ಗ್ರಾಂ ಹೆಚ್ಚು.
ತಿರುಗಿಸಿದೆ. ಇರಚಲು ಬಡಿದ ಮುಖದ ಒಂದು ಕುಳಿಯಲ್ಲಿ
ಸಾಸಿವೆಯಷ್ಟು ಹಾವಸೆ, ಬೆರಳಿಗೆ ತಣ್ಣಗೆ.

ರಿಜಿಸ್ಟರಿನಲ್ಲಿ ಇರುವುದು 'ನಷ್ಟ' ಎಂಬ ಕಾಲಮ್ಮೊಂದೇ.
ಉಜ್ಜಿ ತೊಳೆದು, ಒಣಗಿಸಿ, ಮರುತೂಕ ಮಾಡಿ
ಎನ್ನುತ್ತದೆ ಗೋಡೆಗಂಟಿಸಿದ ನಿಯಮ.
ಬ್ರಷ್ಷು ಸಿಂಕಿನ ಬಳಿಯಿದೆ. ಒಲೆ ಕಾದಿದೆ.
ಬಾಗಿಲು ತೆಗೆದು ನಿಂತಿದ್ದೇನೆ,
ಮುಖಕ್ಕೆ ಬಿಸಿ,
ಕಲ್ಲನ್ನು ಬೆನ್ನ ಹಿಂದೆ ಹಿಡಿದು.