ರುಚಿಗೆ ತಕ್ಕಷ್ಟು

ಹೆಲ್ಕಾಳ ಅಡುಗೆಮನೆಯಲ್ಲಿ ಒಂದು ಕುರ್ಚಿ ನನ್ನದು.
ಬೆನ್ನಿಗೆ ಚೀಟಿ ಅಂಟಿಸಿದ್ದಾಳೆ:
'ಟೌನೊ. ಗುರುವಾರ. ನಾಲ್ಕರಿಂದ ಆರು.'
ಉಳಿದ ದಿನ ಅದರ ಮೇಲೆ ಯಾರೂ ಕೂರುವಂತಿಲ್ಲ,
ಬೆಕ್ಕು ಕೂಡ. ಬೆಕ್ಕಿಗೆ ಬೇರೆ ಚೀಟಿ ಇದೆ.

ಮೂವತ್ತೊಂದು ವರ್ಷ ಟಾಂಪೆರೆಯಲ್ಲಿ ಬಸ್ಸು ಓಡಿಸಿದವನು ನಾನು.
ಹಿಮ ಮೊಣಕಾಲುದ್ದ ಬಿದ್ದರೂ ಏಳು ಹನ್ನೆರಡು ಅಂದರೆ
ಏಳು ಹನ್ನೆರಡೇ.
ಅದಕ್ಕೇ ಇರಬೇಕು ನಗರಸಭೆಯವರು ಆರಿಸಿದ್ದು:
'ಇಪ್ಪತ್ತರ ಹುಡುಗಿ, ಆಟಿಸಂ ಇದೆ, ಒಬ್ಬಳೇ ಇರುವುದು ಹೊಸದು,
ಊಟ, ಬಟ್ಟೆ, ಬಾಡಿಗೆ, ಇಷ್ಟು ಕಲಿಸಿದರೆ ಸಾಕು.'
ಅದೇನು ಮಹಾ, ಅಂದುಕೊಂಡೆ.

ಮೊದಲ ವಾರ ಆಲೂಗೆಡ್ಡೆ.
ನೀರು ಸ್ವಲ್ಪ ಹಾಕು, ಅಂದೆ.
ಸ್ವಲ್ಪ ಅಂದರೆ?
ಮುಳುಗುವಷ್ಟು.
ಯಾವ ಗೆಡ್ಡೆ ಮುಳುಗುವಷ್ಟು, ದೊಡ್ಡದೋ ಚಿಕ್ಕದೋ?
ಬೆಂದಮೇಲೆ ಇಳಿಸು.
ಬೆಂದದ್ದು ಹೊರಗಿನಿಂದ ಕಾಣುತ್ತದೆಯೆ?
ಉಪ್ಪು, ರುಚಿಗೆ ತಕ್ಕಷ್ಟು.
ಅವಳು ಚಮಚ ಕೆಳಗಿಟ್ಟಳು.
ಯಾರ ರುಚಿಗೆ?

ಮುಖದಲ್ಲಿ ಅಣಕ ಹುಡುಕಿದೆ, ಸಿಗಲಿಲ್ಲ.
ತಪ್ಪು ನಿಲ್ದಾಣದಲ್ಲಿ ಇಳಿಸಿದ ಡ್ರೈವರನನ್ನು ನೋಡುವ
ಪ್ರಯಾಣಿಕಳ ದಣಿವಿತ್ತು.
ಅರವತ್ತೆಂಟು ವರ್ಷದ ಈ ಬಾಯಲ್ಲಿ
ಎಷ್ಟು ಮಾತು ಸಡಿಲಾಗಿ ಹಲ್ಲಿನಂತೆ ಅಲ್ಲಾಡುತ್ತಿತ್ತೋ!
ಆಮೇಲೆ ಬಾ. ಒಂದೆರಡು ತಾ. ನೋಡಿಕೊಂಡು ಮಾಡು.
ನೋಡಿಕೊಂಡು ಮಾಡು, ನೋಡಿಕೊಂಡು ಮಾಡು ಅಂತ
ಮನೆಯ ದಾರಿಯುದ್ದಕ್ಕೂ ಗೊಣಗಿ ಗೊಣಗಿ
ಅದರ ಅರ್ಥವೇ ಉದುರಿಹೋಯಿತು.

ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿ,
ಇಡೀ ಕಟ್ಟಡಕ್ಕೆ ಎರಡೇ ಯಂತ್ರ, ಗೋಡೆಗೆ ಸರದಿಯ ಪಟ್ಟಿ.
ಮಂಗಳವಾರ ಆರು ಗಂಟೆ: ಹೆಲ್ಕಾ.
ಹದಿನಾಲ್ಕು ಹೆಜ್ಜೆ ಬರೆದೆವು, ಕಾಲುಚೀಲ ತಿರುವಿ ಹಾಕುವುದೂ ಸೇರಿ.
ಹದಿನೈದನೆಯದು ನನಗೆ ಹೊಳೆದಿರಲಿಲ್ಲ:
ಬಾಗಿಲು ತೆರೆದರೆ
ಯಂತ್ರದೊಳಗೆ ಯಾರದೋ ಒದ್ದೆ ಬಟ್ಟೆ.

ಎರಡು ಗಂಟೆ ನಿಂತಿದ್ದಳಂತೆ,
ಕಿವಿಗೆ ಹೆಡ್‌ಫೋನು, ಸೊಂಟಕ್ಕೆ ಬುಟ್ಟಿ,
ದೀಪ ತಾನಾಗಿ ಆರಿದಾಗೆಲ್ಲ ಕೈ ಬೀಸಿ ಹೊತ್ತಿಸುತ್ತ.
ನನಗೆ ಫೋನು ಮಾಡಬಾರದಿತ್ತೆ?
'ನಿಮ್ಮ ಚೀಟಿಯಲ್ಲಿ ಗುರುವಾರ ಅಂತಿದೆ.'

ಹೊರಡುವ ಮುಂಚೆ ಯಂತ್ರದ ಮೇಲೆ ಬರೆದಿಟ್ಟಿದ್ದಳು:
'ಈ ಸಮಯ ನನ್ನದು. ನಿಮ್ಮ ಬಟ್ಟೆ ಒದ್ದೆ ಇವೆ. ನಾನು ಮುಟ್ಟಿಲ್ಲ.
ನನ್ನವು ಕೊಳೆಯಾಗಿಯೇ ಇವೆ. ಹೆಲ್ಕಾ, ಬಿ ೧೭.'
ಕೆಳಗೆ ಯಾರೋ ಪೆನ್ಸಿಲಿನಲ್ಲಿ:
'ಕ್ಷಮಿಸಿ. ಮಗು ಹುಟ್ಟಿ ಒಂಬತ್ತು ದಿನ.'
ಒಂಬತ್ತು ದಿನದ ಮಗು ದಿನಕ್ಕೆ ಎಷ್ಟು ಬಟ್ಟೆ ಕೊಳೆ ಮಾಡುತ್ತದೆ,
ಕೇಳಿದಳು. ನನಗೆ ಗೊತ್ತಿರಲಿಲ್ಲ.
ತಾನೇ ಯಾರನ್ನೋ ವಿಚಾರಿಸಿ, ಲೆಕ್ಕ ಹಾಕಿ, ತನ್ನ ಮಂಗಳವಾರದಲ್ಲಿ
ನಲವತ್ತು ನಿಮಿಷ ಬಿಟ್ಟುಕೊಟ್ಟಳು.

ಉಪ್ಪು? ಲೀಟರಿಗೆ ಏಳು ಗ್ರಾಂ.
ಐದರಿಂದ ಒಂಬತ್ತರವರೆಗೆ ವಾರಕ್ಕೊಂದರಂತೆ ಬೇಯಿಸಿ,
ತಿಂದು, ಗುರುತು ಹಾಕಿ ತೀರ್ಮಾನಿಸಿದ್ದು.
ಗೋಡೆಯ ಮೇಲಿದೆ: 'ಹೆಲ್ಕಾಳ ರುಚಿ, ೭.'
ಅದರ ಕೆಳಗೆ 'ಟೌನೊ', ಮುಂದೆ ಖಾಲಿ ಜಾಗ.
ಪೆನ್ನು ಹಿಡಿದು ಕಾಯುತ್ತಾಳೆ.

ಸಿರ್ಕಾ ಹಾಕಿದ ಉಪ್ಪು ಉಂಡವನು ನಾನು, ನಲವತ್ತು ವರ್ಷ.
ಅವಳು ಹೋದಮೇಲೆ ಅಂಗಡಿಯ ಡಬ್ಬಿ ಹಾಕಿದ ಉಪ್ಪು.
ಸುಮಾರು... ಎಂದು ಬಾಯಿ ತೆರೆದವನು
ಮುಚ್ಚಿಕೊಂಡೆ.
ಮುಂದಿನ ಗುರುವಾರ ಹೇಳುತ್ತೇನೆ, ಅಂದೆ.
ನಾಲ್ಕಕ್ಕೆ?
ನಾಲ್ಕಕ್ಕೆ.